ಕೇಳಿ ಕಲಿತವರು ಆಡಿಸಿಯಾರೇ?

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ‘ನಲಿ ಕಲಿ’ ಮೊಳೆತದ್ದು ಹೇಗೆ? ಅಲ್ಲಿನ ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ಕಣ್ಣಾರೆ ಕಂಡು ಬಂದು, ಕಲಿಕಾ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಅಂಗನವಾಡಿಯ ‘ಚಿಲಿಪಿಲಿ’ಯೂ ಆಟದ ಮೂಲಕ ಕಲಿಸುವ ಪಾಠಕ್ರಮವೇ. ಆದರೆ 2023ರ ‘ಪೋಷಣ್ ಭೀ ಪಢಾಯಿ ಭೀ’ ಯೋಜನೆಯಡಿ ಕಾರ್ಯಕರ್ತೆಯರಿಗೆ ತರಬೇತಿ ಮೂರೇ ದಿನ! ನಾವು ಎಂಜಿನಿಯರುಗಳು ಸರ್ವೆ ಕಲಿತದ್ದು ಬಿಸಿಲಲ್ಲಿ ಸರಪಳಿ ಎಳೆದು. ಊಟ, ತೂಕ, ಮೊಬೈಲಿನಲ್ಲಿ ವರದಿ, ಇಷ್ಟೆಲ್ಲ ಹೊತ್ತ ಆ ತಾಯಂದಿರನ್ನು ದೂರುವುದು ತರವಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹವಿಷ್ಟೆ: ಕುಮಾರಪಟ್ಟಣ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಮಠಗಳ ದಾಸೋಹ ಮನೆ ತಿಂಗಳಿಗೊಂದು ಮಧ್ಯಾಹ್ನ ಅವರಿಗಾಗಿ ತೆರೆಯಲಿ. ಗೋವಿನಜೋಳ, ಹುಣಸೆಬೀಜ, ತುಂಗಭದ್ರೆಯ ಮರಳು ಹರಡಿಕೊಂಡು ಮಕ್ಕಳಂತೆ ಎಣಿಸಿ, ವಿಂಗಡಿಸಿ, ಒಬ್ಬರಿಗೊಬ್ಬರು ಆಡಿಸಿ ನೋಡಲಿ. ಮೇಲ್ವಿಚಾರಕಿಯರೂ ಜೊತೆಗೆ ನೆಲಕ್ಕೆ ಕೂರಲಿ. ಭಾಷಣ ಮಾತ್ರ ಇಡಬೇಡಿ.