ಹೆರಿಗೆ ಕೋಣೆಯಲ್ಲಿ ಕೈ ಹಿಡಿಯೋಕೂ ಪ್ಯಾಕೇಜ್ ಬೇಕಾ?

ಬೆಂಗಳೂರಿನ ದುಬಾರಿ ಆಸ್ಪತ್ರೆಗಳ ಸುತ್ತ ಈಗ ಒಂದು ಹೊಸ ಪದ ಓಡಾಡ್ತಿದೆ: ಡೂಲಾ. ನನ್ನ ಎಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಈಗ ಮಕ್ಕಳಾಗುತ್ತಿರುವವರೇ ಹೆಚ್ಚು, ಹಾಗಾಗಿ ಅದು ನನ್ನ ಕಿವಿಗೂ ಬಿದ್ದಿದೆ. ಡೂಲಾ ಅಂದರೆ ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಹೆರಿಗೆ ಮಾಡಿಸುವವರೂ ಅಲ್ಲ. ಬೇನೆ ಶುರುವಾದಾಗಿನಿಂದ ಮಗು ಹುಟ್ಟುವ ತನಕ ಪಕ್ಕದಲ್ಲೇ ಇದ್ದು ಸೊಂಟ ನೀವುವುದು, ನಡೆದಾಡಿಸುವುದು, ಉಸಿರಾಟ ಹೇಳಿಕೊಡುವುದು, ಡಾಕ್ಟರ್ ಹೇಳಿದ್ದನ್ನು ಬಿಡಿಸಿ ಹೇಳುವುದು, ಆಮೇಲೆ ಮನೆಗೆ ಬಂದು ಹಾಲೂಡಿಸಲು ನೆರವಾಗುವುದು ಅವರ ಕೆಲಸ. ಇದಕ್ಕೆ ಹತ್ತಾರು ಸಾವಿರ ರೂಪಾಯಿಯ ಪ್ಯಾಕೇಜು.

ಇದೆಲ್ಲ ದುಡ್ಡಿರೋರ ಶೋಕಿ ಅಂತ ನಕ್ಕು ಸುಮ್ಮನಾಗಬಹುದು. ಆದರೆ ಅವರು ದುಡ್ಡು ಕೊಟ್ಟು ಪಡೀತಿರೋದು ನಿಜಕ್ಕೂ ಕೆಲಸಕ್ಕೆ ಬರುವ ಸಂಗತಿ. 2017ರ ಕಾಕ್ರೇನ್ ಪರಿಶೀಲನೆ 17 ದೇಶಗಳ 15,800ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದವರಲ್ಲಿ ಸಿಸೇರಿಯನ್ ಸಾಧ್ಯತೆ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು, ಬೇನೆಯ ಅವಧಿಯೂ ಸ್ವಲ್ಪ ತಗ್ಗಿತ್ತು. ಇದಕ್ಕೆ ಯಂತ್ರವೂ ಬೇಡ, ಔಷಧಿಯೂ ಬೇಡ. ಒಬ್ಬ ಮನುಷ್ಯರು ಎದ್ದು ಹೋಗದೆ ಜೊತೆಗಿರಬೇಕು, ಅಷ್ಟೇ.

ಇದು ಸರ್ಕಾರಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 2016ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಒಬ್ಬ ಸಂಗಾತಿಯನ್ನು ಒಳಗೆ ಬಿಡಬೇಕು ಎಂದು ತೀರ್ಮಾನಿಸಿತು. ಹೆರಿಗೆ ಅನುಭವ ಇರುವ ಸಂಬಂಧಿಕ ಹೆಂಗಸು ಇರಬಹುದು, ಮರೆಯ ವ್ಯವಸ್ಥೆ ಇರುವ ಕಡೆ ಗಂಡನೂ ಇರಬಹುದು. ಶುಭ್ರ ಬಟ್ಟೆ ಹಾಕಿರಬೇಕು, ಸೋಂಕು ಇರಬಾರದು, ಸಿಬ್ಬಂದಿ ಕೆಲಸಕ್ಕೆ ಅಡ್ಡಿ ಮಾಡಬಾರದು. ಎಲ್ಲವೂ ಸರಿಯಾದ ಷರತ್ತುಗಳೇ. ಮರುವರ್ಷ ಬಂದ 'ಲಕ್ಷ್ಯ' ಕಾರ್ಯಕ್ರಮದಲ್ಲೂ ಈ ಮಾತು ಇದೆ.

ಈಗ ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಲೇಬರ್ ವಾರ್ಡ್ ಹೊರಗಿನ ಬೆಂಚಿನಲ್ಲಿ ಒಂದು ರಾತ್ರಿ ಕೂತು ನೋಡಿ. ವರದಿಗಾಗಿ ನಾನು ಅಂಥ ಬೆಂಚುಗಳಲ್ಲಿ ಕೂತಿದ್ದೇನೆ. ಬಾಗಿಲು ಮುಚ್ಚಿರುತ್ತದೆ. ಆಚೆ ತಾಯಿ, ಅತ್ತೆ, ಪ್ಲಾಸ್ಕು, ಹಳೇ ಸೀರೆಯ ಗಂಟು. ಒಳಗಿನಿಂದ ಕೂಗು ಕೇಳಿಸಿದಾಗಲೆಲ್ಲ ತಾಯಿ ಎದ್ದು ನಿಲ್ಲುತ್ತಾಳೆ, ಮತ್ತೆ ಕೂರುತ್ತಾಳೆ. "ಒಳಗೆ ಜಾಗ ಇಲ್ಲಮ್ಮ" ಅನ್ನೋ ಉತ್ತರ ಸುಳ್ಳೂ ಅಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ಟೇಬಲ್, ನಡುವೆ ಪರದೆ ಇಲ್ಲ ಅಂದರೆ ಒಬ್ಬಳ ಅತ್ತೆಯನ್ನು ಬಿಟ್ಟುಕೊಂಡರೆ ಇನ್ನೊಬ್ಬಳ ಮಾನದ ಗತಿ ಏನು? ಇಬ್ಬರು ಸಿಸ್ಟರ್‌ಗಳು ರಾತ್ರಿಯಿಡೀ ಹತ್ತು ಜನರನ್ನು ನೋಡಿಕೊಳ್ಳುವ ಕಡೆ ಅವರನ್ನಷ್ಟೇ ಬೈದು ಪ್ರಯೋಜನವೂ ಇಲ್ಲ.

ಆದರೆ ಮುಚ್ಚಿದ ಬಾಗಿಲಿನ ಹಿಂದೆ ಬೇರೆ ಕೆಲವೂ ನಡೆಯುತ್ತವೆ. "ಗಂಡನ ಜೊತೆ ಮಲಗುವಾಗ ಕೂಗಲಿಲ್ಲ, ಈಗ್ಯಾಕೆ ಕೂಗ್ತೀಯ" ಅನ್ನೋ ಮಾತನ್ನು ಕೇಳಿಸಿಕೊಂಡ ಹೆಂಗಸರು ನಿಮ್ಮ ಮನೆಯಲ್ಲೇ ಇರಬಹುದು, ಒಮ್ಮೆ ಕೇಳಿ ನೋಡಿ. ತೊಡೆಗೆ ಬಿದ್ದ ಏಟು, ಗಂಡು ಮಗುವಿಗೊಂದು ಹೆಣ್ಣು ಮಗುವಿಗೊಂದು 'ಖುಷಿ'ಯ ರೇಟು. ಪಕ್ಕದಲ್ಲಿ ತನ್ನವರೊಬ್ಬರು ನಿಂತಿದ್ದರೆ ಇವು ಅಷ್ಟು ಸಲೀಸಲ್ಲ. ನನ್ನ ಪ್ರಕಾರ ಸಂಗಾತಿಯನ್ನು ಒಳಗೆ ಬಿಡಲು ವ್ಯವಸ್ಥೆ ಹಿಂಜರಿಯುವುದಕ್ಕೆ ಜಾಗ ಅರ್ಧ ಕಾರಣ, ಸಾಕ್ಷಿಯ ಭಯ ಇನ್ನರ್ಧ.

ಹಿಂದೆ ಈ ಜೊತೆಗಾರ್ತಿ ನಮ್ಮಲ್ಲಿ ಇದ್ದಳು. ಸೂಲಗಿತ್ತಿ. ಪಾವಗಡ ತಾಲ್ಲೂಕಿನ ನರಸಮ್ಮ ದುಡ್ಡು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2004-06ರಲ್ಲಿ 213 ಇದ್ದದ್ದು 2018-20ಕ್ಕೆ 69ಕ್ಕೆ ಇಳಿಯಿತು. ಆಸ್ಪತ್ರೆ, ರಕ್ತ, ಆಂಬುಲೆನ್ಸ್ ಇಲ್ಲದೆ ಅದು ಆಗ್ತಿರಲಿಲ್ಲ. ತಕರಾರು ಇರೋದು ಬೇರೆ ಕಡೆ. ಹೆರಿಗೆಯನ್ನು ಆಸ್ಪತ್ರೆಗೆ ತಂದಾಗ ಸೂಲಗಿತ್ತಿಯ ಕತ್ತರಿಯನ್ನು ಕಿತ್ತುಕೊಂಡದ್ದು ಸರಿ, ಅವಳ ಕೈಯನ್ನೂ ಆಚೆ ನಿಲ್ಲಿಸಿಬಿಟ್ಟೆವು. ಈಗ ರಾಜ್ಯದ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸೇರಿಯನ್. ಇದಕ್ಕೆಲ್ಲ ಜೊತೆಗಾರ್ತಿಯ ಕೊರತೆಯೇ ಕಾರಣ ಅಂತಲ್ಲ, ಬಿಲ್ಲಿನ ಲೆಕ್ಕವೂ ಇದೆ.

ಹೆರಿಗೆ ಆದಮೇಲಿನ ಕಥೆ ಇನ್ನೂ ಅಸಮ. ನಮ್ಮ ಸಾಫ್ಟ್‌ವೇರ್ ಗೆಳತಿಗೆ ಅಮ್ಮ ಅಂಟಿನುಂಡೆ, ಲೇಹ್ಯ ಕಟ್ಟಿಕೊಂಡು ಅಮೆರಿಕಕ್ಕೇ ಹಾರಿ ಆರು ತಿಂಗಳು ಬಾಣಂತನ ಮಾಡಿ ಬರ್ತಾರೆ. (ಆ ಅಮ್ಮನ ಸೊಂಟನೋವಿಗೆ ಯಾವ ಪ್ಯಾಕೇಜೂ ಇಲ್ಲ.) ರಾಯಚೂರಿನಿಂದ ಬಂದು ವೈಟ್‌ಫೀಲ್ಡಿನ ಶೆಡ್ಡಿನಲ್ಲಿ ಹೆತ್ತು, ತಿಂಗಳೊಳಗೆ ಇಟ್ಟಿಗೆ ಹೊರುವವಳಿಗೆ ಬಾಣಂತನ ಯಾರು ಮಾಡ್ತಾರೆ? ಭಾರತದಲ್ಲಿ ಹೆರಿಗೆಯಾದ ನೂರರಲ್ಲಿ ಸುಮಾರು 22 ತಾಯಂದಿರಿಗೆ ಖಿನ್ನತೆ ಕಾಡುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಅಂದಾಜು ಹೇಳುತ್ತದೆ. ಬೇನೆ ಬಂದವಳ ಜೊತೆ ಆಸ್ಪತ್ರೆ ಬಾಗಿಲ ತನಕ ಬರುವ ಆಶಾ, ಆಮೇಲೆ 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೆ ಹೋಗಬೇಕು. ಅವಳೇ 2025ರ ಜನವರಿಯ ಚಳಿಯಲ್ಲಿ ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಮಲಗಿದ್ದಳು.

ಅಮೆರಿಕದಲ್ಲಿ ಕಪ್ಪು ತಾಯಂದಿರು ಬಿಳಿಯರಿಗಿಂತ ಮೂರು ಪಟ್ಟು ಹೆಚ್ಚು ಸಾಯುತ್ತಾರೆ ಅನ್ನೋ ಒತ್ತಡದಿಂದಲೇ ಹಲವು ರಾಜ್ಯಗಳು ಡೂಲಾ ಖರ್ಚನ್ನು ಬಡವರ ವಿಮೆಯಾದ ಮೆಡಿಕೈಡ್‌ಗೆ ಸೇರಿಸಿದವು. ನಮ್ಮಲ್ಲಿ ಹೊಸ ಹುದ್ದೆ ಸೃಷ್ಟಿಸುವ ತನಕ ಕಾಯಬೇಕಿಲ್ಲ. ಟೇಬಲ್‌ಗಳ ನಡುವೆ ಪರದೆ, ಸಂಗಾತಿಗೆ ಒಂದು ಸ್ಟೂಲು, ತಾಯಿ ಕಾರ್ಡಿನಲ್ಲಿ "ಜೊತೆಗೆ ಯಾರಿರ್ತಾರೆ" ಎಂದು ಬರೆಯಲು ಒಂದು ಸಾಲು, ಯಾರೂ ಇಲ್ಲದವರ ಜೊತೆ ಒಳಗಿರುವ ಆಶಾಗೆ ಆ ರಾತ್ರಿಯ ಕೂಲಿ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನ ಲೆಕ್ಕದಲ್ಲಿ ಇದು ಕಷ್ಟದ ಪ್ರಾಜೆಕ್ಟೇ ಅಲ್ಲ.

ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಆರ್‌ಟಿಐ ಹಾಕಿ. 2016ರ ತೀರ್ಮಾನ ಜಾರಿಯಲ್ಲಿದೆಯೇ, ಕಳೆದ ತಿಂಗಳು ಎಷ್ಟು ಹೆರಿಗೆಯಾಯಿತು, ಎಷ್ಟು ಜನರ ಜೊತೆ ಸಂಗಾತಿ ಒಳಗಿದ್ದರು, ಪರದೆ ಎಷ್ಟಿವೆ ಅಂತ ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಲೇಬೇಕು.