ನಕ್ಷತ್ರದ ಗುರುತು, ಎರಡು ಬೀಗದ ಕೈ

ಮಕ್ಕಳೇ, ಕಳೆದ ಶನಿವಾರ ಬೆಂಗಳೂರಿನಿಂದ ನನ್ನ ದೊಡ್ಡ ಮೊಮ್ಮಗಳು ಬಂದಿದ್ದಳು. ಅವಳು ಚಪ್ಪಲಿ ಬಿಟ್ಟ ರೀತಿ ನೋಡಿಯೇ ಏನೋ ಆಗಿದೆ ಎಂದು ಅಜ್ಜಿಗೆ ಗೊತ್ತಾಯಿತು. ಕಾಫಿ ಕೊಟ್ಟು ಕೇಳಿದ್ದಕ್ಕೆ, "ಆಫೀಸಿನಲ್ಲಿ ನನ್ನ ಅಡ್ಮಿನ್ ತೆಗೀತಾರಂತೆ ಅಜ್ಜಿ" ಎಂದಳು. "ಅಯ್ಯೋ, ಕೆಲಸ ಹೋಯ್ತೇನೇ?" ಎಂದು ಅಜ್ಜಿಗೆ ಗಾಬರಿ. ಆರನೇ ಕ್ಲಾಸಿನ ನಮ್ಮ ಪುಟ್ಟ ಮಾತ್ರ, "ವಾಟ್ಸ್‌ಆಪ್ ಗ್ರೂಪಿನ ಅಡ್ಮಿನ್ ಥರಾನಾ ಅಕ್ಕಾ?" ಎಂದ. ಹುಡುಗ ಸುಮಾರಾಗಿ ಸರಿಯಾಗಿಯೇ ಹೇಳಿದ್ದ.

ನಡೆದದ್ದಿಷ್ಟು. ಅವಳ ಕಂಪನಿ ತನ್ನ ಕಂಪ್ಯೂಟರುಗಳನ್ನು ತಾನೇ ಕೊಂಡಿಟ್ಟುಕೊಂಡಿಲ್ಲ, ಬಾಡಿಗೆಗೆ ಪಡೆದಿದೆ. ಈಗ ಬಹಳ ಜನ ಮಾಡುವುದು ಹಾಗೆಯೇ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್‌ನಂಥವರು ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಯಂತ್ರಗಳನ್ನಿಟ್ಟು ಬಾಡಿಗೆಗೆ ಕೊಡುತ್ತಾರೆ. ಅಮೆಜಾನ್‌ನ ಮುಂಬೈ ಕೇಂದ್ರ 2016ರಲ್ಲಿ ಶುರುವಾಯಿತು. ಇದಕ್ಕೆ 'ಕ್ಲೌಡ್' ಎಂದು ಹೆಸರು. ಮೋಡಕ್ಕೂ ಇದಕ್ಕೂ ಸಂಬಂಧವೇನೂ ಇಲ್ಲ. ಈ ಬಾಡಿಗೆ ಯಂತ್ರಗಳನ್ನು ತೆರೆಯುವ, ಮುಚ್ಚುವ, ಅಳಿಸುವ ಪೂರ್ತಿ ಅಧಿಕಾರ ಇದ್ದವರೇ ಅಡ್ಮಿನಿಸ್ಟ್ರೇಟರ್. ಅವಳ ಗುಂಪಿನ ಹನ್ನೊಂದು ಜನಕ್ಕೂ ಆ ಅಧಿಕಾರವಿತ್ತು. ಹೋದ ತಿಂಗಳು ಒಬ್ಬ ಹುಡುಗ ರಾತ್ರಿ ಹನ್ನೆರಡಕ್ಕೆ ಪರೀಕ್ಷೆಗೆಂದು ಇಟ್ಟ ಯಂತ್ರಗಳನ್ನು ಅಳಿಸಲು ಹೋಗಿ, ಗಿರಾಕಿಗಳು ಬಳಸುತ್ತಿದ್ದ ಯಂತ್ರಗಳನ್ನೇ ಅಳಿಸಿದ. ಬ್ಯಾಕಪ್ ಇದ್ದುದರಿಂದ ಬೆಳಗಾಗುವುದರೊಳಗೆ ಎಲ್ಲ ಸರಿಹೋಯಿತು. ಆದರೂ ಆಫೀಸಿನವರು ತೀರ್ಮಾನಿಸಿದರು: ಇನ್ನು ಯಾರ ಕೈಯಲ್ಲೂ ಪೂರ್ತಿ ಅಧಿಕಾರ ಬೇಡ.

"ತಪ್ಪು ಮಾಡಿದವನು ಅವನು. ನಾಲ್ಕು ವರ್ಷದಲ್ಲಿ ನಾನೊಂದು ತಪ್ಪು ಮಾಡಿಲ್ಲ. ನನ್ನ ಮೇಲೂ ನಂಬಿಕೆ ಇಲ್ಲವಾ ತಾತ?" ಎಂದಳು. ಕಣ್ಣು ತುಂಬಿತ್ತು.

ನಾನು ತಕ್ಷಣ ಉತ್ತರ ಕೊಡಲಿಲ್ಲ. 1978ರ ನೆನಪೊಂದು ಗಂಟಲಿಗೆ ಬಂದು ನಿಂತಿತ್ತು. ಅದನ್ನು ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆಗ ನಾನೊಂದು ಸಣ್ಣ ಊರಿನ ಶಾಖೆಯಲ್ಲಿದ್ದೆ. ಬ್ಯಾಂಕಿನ ತಿಜೋರಿಗೆ ಎರಡು ಬೀಗ. ಒಂದರ ಕೈ ಹೆಡ್ ಕ್ಯಾಷಿಯರ್ ಹತ್ತಿರ, ಇನ್ನೊಂದರದು ಅಕೌಂಟೆಂಟ್ ಹತ್ತಿರ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹೆಡ್ ಕ್ಯಾಷಿಯರ್ ರಜೆ ಹಾಕಿದ್ದರಿಂದ ಅವರ ಬೀಗದ ಕೈ ನನಗೆ ಬಂದಿತ್ತು. ಅದೇ ವಾರ ಅಕೌಂಟೆಂಟ್ ಮಗಳ ನಿಶ್ಚಿತಾರ್ಥ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಹರಿಶ್ಚಂದ್ರ ಕಣಯ್ಯ. ಎರಡು ದಿನ ಇದನ್ನೂ ಇಟ್ಟುಕೊಂಡಿರು" ಎಂದು ತಮ್ಮ ಬೀಗದ ಕೈಯನ್ನೂ ಕೊಟ್ಟು ಹೋದರು. ನನಗೋ ಎದೆ ಎರಡಂಗುಲ ಹಿಗ್ಗಿತು. ಇಪ್ಪತ್ತೆಂಟು ವರ್ಷದವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಏನಿದೆ? ಎರಡು ದಿನ ಒಬ್ಬನೇ ತೆರೆದೆ, ಒಬ್ಬನೇ ಮುಚ್ಚಿದೆ.

ಮೂರನೆಯ ದಿನ ಅವರು ಬಂದು ಇಬ್ಬರೂ ಎಣಿಸಿದಾಗ ಹತ್ತು ರೂಪಾಯಿ ನೋಟಿನ ಒಂದು ಕಟ್ಟು ಕಡಿಮೆ. ನೂರು ನೋಟು, ಸಾವಿರ ರೂಪಾಯಿ. ಆಗಿನ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

ಯಾರೂ ನನ್ನನ್ನು ಕಳ್ಳ ಎನ್ನಲಿಲ್ಲ. ಆದರೆ ಮಧ್ಯಾಹ್ನ ಕಾಫಿಗೆ ಕರೆಯುವುದನ್ನು ನಿಲ್ಲಿಸಿದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನಾನು ಕದ್ದಿಲ್ಲ ಎಂದು ಎಷ್ಟು ಸಲ ಬೇಕಾದರೂ ಹೇಳಬಹುದಿತ್ತು. ಕದಿಯಲು ನನ್ನಿಂದ ಆಗುತ್ತಿರಲಿಲ್ಲ ಎಂದು ಮಾತ್ರ ಹೇಳುವಂತಿರಲಿಲ್ಲ. ಎರಡೂ ಬೀಗದ ಕೈ ನನ್ನ ಜೇಬಿನಲ್ಲೇ ಇದ್ದವಲ್ಲ! ಐದನೆಯ ದಿನ, ಕೊಳೆ ನೋಟುಗಳನ್ನು ಕಳಿಸಲು ತುಂಬಿಟ್ಟಿದ್ದ ಚೀಲದೊಳಗೆ ಆ ಕಟ್ಟು ಸಿಕ್ಕಿತು. ಆತುರದಲ್ಲಿ ನಾನೇ ಅದರಲ್ಲಿ ಸೇರಿಸಿದ್ದೆ. ಅಕೌಂಟೆಂಟರಿಗೂ ನನಗೂ ಮೇಲಿನಿಂದ ಒಂದೊಂದು ಮೆಮೊ ಬಂತು. ಅವರ ಮಗಳ ಮದುವೆಗೆ ನಾನು ಹೋಗಲಿಲ್ಲ.

ಇದನ್ನು ಹೇಳಿ ಮುಗಿಸಿದಾಗ ಅಜ್ಜಿ, "ನನಗೂ ಹೇಳಿರಲಿಲ್ಲವಲ್ಲ ನೀವು" ಎಂದಳು. ಮೊಮ್ಮಗಳು ಏನೂ ಹೇಳದೆ ತನ್ನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. "ತಾತ, ಅಧಿಕಾರ ಅಂದರೆ ಇಷ್ಟೇ, ನೋಡಿ" ಎಂದು ತೋರಿಸಿದಳು.

ನಾನು ಬೆರಗಾದೆ. ಇಡೀ ಕಂಪನಿಯ ಯಂತ್ರಗಳನ್ನು ಅಳಿಸಿಹಾಕಬಲ್ಲ ಅಧಿಕಾರಪತ್ರ ಆರೇಳು ಸಾಲೂ ಇಲ್ಲ. ಸಾರ ಇಷ್ಟು. ಪರಿಣಾಮ: ಅನುಮತಿ. ಕೆಲಸ: ನಕ್ಷತ್ರದ ಗುರುತು. ವಸ್ತು: ನಕ್ಷತ್ರದ ಗುರುತು. ಪುಸ್ತಕದಲ್ಲಿ ಅಡಿಟಿಪ್ಪಣಿಗೆ ಹಾಕುತ್ತಾರಲ್ಲ, ಅದೇ ಪುಟ್ಟ ನಕ್ಷತ್ರ. ಅದಕ್ಕೆ ಇಲ್ಲಿ 'ಎಲ್ಲವೂ' ಎಂದು ಅರ್ಥ. ಯಾವ ವಸ್ತುವಿನ ಮೇಲಾದರೂ ಯಾವ ಕೆಲಸವನ್ನಾದರೂ ಮಾಡಬಹುದು. ಸಹಿ ಮಾಡಿದ ಖಾಲಿ ಚೆಕ್ ಬಿಟ್ಟರೆ ಇದಕ್ಕೆ ಬೇರೆ ಹೋಲಿಕೆ ನನಗೆ ತೋಚಲಿಲ್ಲ.

ಈಗ ಆ ನಕ್ಷತ್ರಗಳನ್ನು ತೆಗೆದು, ಯಾರಿಗೆ ಯಾವ ಕೆಲಸವೋ ಅಷ್ಟನ್ನೇ ಬರೆಯಬೇಕು. ಲೆಕ್ಕ ನೋಡುವವರು ಲೆಕ್ಕ ಓದಬಹುದು, ಬದಲಿಸಬಾರದು. ಬ್ಯಾಕಪ್ ಮಾಡುವವರು ಪ್ರತಿ ತೆಗೆಯಬಹುದು, ಅಳಿಸಬಾರದು. ಅಮೆಜಾನ್‌ನಲ್ಲಿ ನನಗೆ ಮೆಚ್ಚುಗೆಯಾದ ನಿಯಮವೊಂದಿದೆ. ಬರೆಯದೇ ಇರುವುದೆಲ್ಲ ಕೂಡದು ಎಂದೇ ಲೆಕ್ಕ. ಇನ್ನು ಹತ್ತು ಕಡೆ 'ಮಾಡಬಹುದು' ಎಂದಿದ್ದರೂ ಒಂದು ಕಡೆ 'ಕೂಡದು' ಎಂದು ಸ್ಪಷ್ಟವಾಗಿ ಬರೆದಿದ್ದರೆ, ಕೂಡದು ಎಂದರೆ ಕೂಡದು. ನಮ್ಮ ಮನೆಯಲ್ಲಿ ಅಜ್ಜಿಯ ಮಾತು ನಡೆಯುವುದೂ ಹೀಗೆಯೇ.

ಇದನ್ನೆಲ್ಲ ಎಲ್ಲಿ ಬರೆಯುತ್ತಾರೆ? ಹಿಂದೆ ಪರದೆಯ ಮೇಲೆ ಗುಂಡಿ ಒತ್ತಿ ಒತ್ತಿ ಮಾಡುತ್ತಿದ್ದರಂತೆ. ಆರು ತಿಂಗಳ ನಂತರ ಇದನ್ನು ಯಾಕೆ ಹೀಗೆ ಮಾಡಿದ್ದು ಎಂದರೆ ಯಾರಿಗೂ ನೆನಪಿಲ್ಲ. ಈಗ ಎಲ್ಲವನ್ನೂ ಒಂದು ಕಡತದಲ್ಲಿ ಬರೆಯುತ್ತಾರೆ: ಇಷ್ಟು ಯಂತ್ರ ಬೇಕು, ಈ ಬಾಗಿಲು ತೆರೆದಿರಲಿ, ಇವರಿಗೆ ಇಷ್ಟು ಅಧಿಕಾರ. ಮನೆ ಕಟ್ಟುವ ಮೊದಲು ನಕ್ಷೆ ಬರೆಯುವ ಹಾಗೆ. ಆ ನಕ್ಷೆ ನೋಡಿ ಕಟ್ಟುವ ಮೇಸ್ತ್ರಿಯೂ ಒಂದು ತಂತ್ರಾಂಶವೇ. ಇಂಥ ಮೇಸ್ತ್ರಿಗಳಲ್ಲಿ ಹೆಸರಾದದ್ದು 2014ರಲ್ಲಿ ಹೊರಬಂದ ಟೆರಾಫಾರ್ಮ್. ಈ ಪದ್ಧತಿಗೆ 'ಇನ್‌ಫ್ರಾಸ್ಟ್ರಕ್ಚರ್ ಆಸ್ ಕೋಡ್' ಎಂದು ಉದ್ದದ ಹೆಸರು. ಪುಟ್ಟ ಅದನ್ನು 'ನಕ್ಷೆ ಕಡತ' ಎಂದ. ನಮಗೆ ಅಷ್ಟು ಸಾಕು.

ಈ ಮೇಸ್ತ್ರಿಗೊಂದು ಒಳ್ಳೆಯ ಗುಣವಿದೆ. ಹಾರೆ ಎತ್ತುವ ಮೊದಲು ಏನು ಮಾಡಲಿದ್ದೇನೆ ಎಂದು ಹೇಳುತ್ತದೆ. ಸೇರಿಸುವುದು 1, ಬದಲಿಸುವುದು 0, ಅಳಿಸುವುದು 3 ಎಂದು ಲೆಕ್ಕ ಕೊಡುತ್ತದೆ. ಬರೆದವರು ಬಿಟ್ಟು ಇನ್ನೊಬ್ಬರು ಅದನ್ನು ನೋಡಿ, ಮೂರು ಯಾಕೆ ಅಳಿಸಬೇಕು ಎಂದು ಕೇಳಿ, ಒಪ್ಪಿಗೆ ಹಾಕಿದ ಮೇಲೆ ಕೆಲಸ ಶುರು. ನಮ್ಮಲ್ಲಿ ವೋಚರ್ ಬರೆಯುವ ಗುಮಾಸ್ತನೇ ಅದನ್ನು ಪಾಸ್ ಮಾಡುವಂತಿರಲಿಲ್ಲ. ಅದೇ ಇದು. ಯಾರಾದರೂ ರಾತ್ರಿ ಕದ್ದುಮುಚ್ಚಿ ನಕ್ಷೆಯಲ್ಲಿನ ಗೋಡೆಯೊಂದಕ್ಕೆ ಕಿಂಡಿ ಕೊರೆದಿದ್ದರೆ, ಮೇಸ್ತ್ರಿ ಮುಂದಿನ ಸಲ ನಕ್ಷೆಯೊಂದಿಗೆ ಹೋಲಿಸಿದಾಗ ಅದೂ ಕಾಣುತ್ತದೆ.

ಪುಟ್ಟ ಕೇಳಿದ: "ಅಷ್ಟು ದೊಡ್ಡ ಕಂಪನಿಯವರು ತಪ್ಪು ಮಾಡ್ತಾರಾ?" ಮಾಡುತ್ತಾರೆ ಕಣೋ. 2017ರ ಫೆಬ್ರವರಿ 28, ಮಂಗಳವಾರ. ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕೇಂದ್ರದಲ್ಲಿ, ಕಡತಗಳನ್ನು ಇಡುವ ಎಸ್3 ಎಂಬ ಸೇವೆಯ ಬಿಲ್ಲಿಂಗ್ ಭಾಗ ನಿಧಾನವಾಗಿತ್ತು. ಅದನ್ನು ಸರಿಮಾಡಲು ಅಧಿಕಾರವಿದ್ದ ಒಬ್ಬ ನೌಕರ, ಕೆಲವೇ ಯಂತ್ರಗಳನ್ನು ತೆಗೆಯಲು ಆಜ್ಞೆ ಕೊಟ್ಟ. ಕೊಡುವಾಗ ಒಂದು ಅಂಶವನ್ನು ತಪ್ಪಾಗಿ ಒತ್ತಿದ. ಬೇಕಾದ್ದಕ್ಕಿಂತ ಬಹಳ ಹೆಚ್ಚು ಯಂತ್ರಗಳು ಹೊರಗೆ ಹೋದವು. ಅದನ್ನು ನಂಬಿಕೊಂಡಿದ್ದ ಎಷ್ಟೋ ಜಾಲತಾಣಗಳು ಸುಮಾರು ನಾಲ್ಕು ಗಂಟೆ ಕಾಲ ಒದ್ದಾಡಿದವು. ತಮಾಷೆ ಏನೆಂದರೆ, ಯಾವ ಸೇವೆ ಕೆಟ್ಟಿದೆ ಎಂದು ತೋರಿಸಬೇಕಾದ ಅಮೆಜಾನ್‌ನ ಫಲಕವನ್ನು ಬದಲಿಸುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ನಿಂತಿತ್ತು; ಹಾಗಾಗಿ ಫಲಕವೂ ಮೊದಲಿಗೆ ಬದಲಾಗಲಿಲ್ಲ. ಆಮೇಲೆ ಅಮೆಜಾನ್ ಪ್ರಕಟಿಸಿದ ವಿವರಣೆಯಲ್ಲಿ ಆ ನೌಕರನ ಹೆಸರಿಲ್ಲ. ಆ ಉಪಕರಣವನ್ನು ತಿದ್ದಿದ್ದೇವೆ, ಅದು ಇನ್ನು ನಿಧಾನವಾಗಿ ತೆಗೆಯುತ್ತದೆ, ಕನಿಷ್ಠ ಸಂಖ್ಯೆಗಿಂತ ಕೆಳಗೆ ಹೋಗಲು ಬಿಡುವುದಿಲ್ಲ ಎಂದು ಬರೆದಿದ್ದರು. ಇದನ್ನು ಓದಿದಾಗ ನನಗೆ ಆ ಸಂಸ್ಥೆಯ ಬಗ್ಗೆ ಗೌರವ ಬಂತು. ನಮ್ಮಲ್ಲಾಗಿದ್ದರೆ ಮೊದಲು ಮೆಮೊ.

ಇನ್ನೊಂದು ಪ್ರಸಂಗ ಇಷ್ಟು ಸುಖವಾಗಿ ಮುಗಿಯಲಿಲ್ಲ. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಸಂಸ್ಥೆಯ ಕ್ಲೌಡ್ ಖಾತೆಯೊಳಗೆ ಕಳ್ಳರು ನುಗ್ಗಿ ಹಣ ಕೇಳಿದರು. ಸಂಸ್ಥೆಯವರು ಖಾತೆಯನ್ನು ಮತ್ತೆ ಹಿಡಿತಕ್ಕೆ ತರಲು ಹೋದಾಗ ಅವರು ಅಳಿಸಲು ಶುರುಮಾಡಿದರು. ಅಸಲು ಇದ್ದ ಕಡೆಯೇ ಬ್ಯಾಕಪ್‌ಗಳೂ ಇದ್ದವು. ಸಂಸ್ಥೆ ಬಾಗಿಲು ಹಾಕಿತು.

ಎರಡು ಬೀಗದ ಕೈಯ ಮಾತು ಕಂಪ್ಯೂಟರಿನವರಿಗೆ ಹೊಸದೇನಲ್ಲ. 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಬರೆದ ಪ್ರಬಂಧದಲ್ಲಿ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂಬುದು ಒಂದು ತತ್ವ, ಒಂದರ ಬದಲು ಎರಡು ಕೀಲಿ ಇದ್ದರೆ ಒಳ್ಳೆಯದು ಎಂಬುದು ಇನ್ನೊಂದು. ಎರಡನೆಯದಕ್ಕೆ ಅವರು ಕೊಟ್ಟ ಉದಾಹರಣೆ ಬ್ಯಾಂಕಿನ ಲಾಕರ್! ಅಜ್ಜಿಯ ಜೊತೆ ಲಾಕರ್ ನೋಡಲು ಹೋದ ಮಕ್ಕಳಿಗೆ ಗೊತ್ತಿರುತ್ತದೆ: ಬ್ಯಾಂಕಿನವರ ಬೀಗದ ಕೈ ಒಂದು, ಅಜ್ಜಿಯದು ಒಂದು, ಎರಡೂ ತಿರುಗಿದರೆ ಮಾತ್ರ ಬಾಗಿಲು.

ಮೊಮ್ಮಗಳ ದೂರು ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಐದು ನಿಮಿಷದ ಕೆಲಸಕ್ಕೆ ಒಪ್ಪಿಗೆ ಕಾಯುತ್ತ ಅರ್ಧ ದಿನ ಹೋಗುತ್ತದಂತೆ. ಇದು ನನಗೆ ಗೊತ್ತಿರುವ ರೋಗ. ಪಾಸಿಂಗ್ ಆಫೀಸರ್ ಮೇಜಿನ ಮೇಲೆ ವೋಚರ್ ರಾಶಿ ಬಿದ್ದಾಗ ಏನಾಗುತ್ತಿತ್ತು ಗೊತ್ತೇ? ಖಾಲಿ ವೋಚರಿಗೆ ಮೊದಲೇ ಸಹಿ ಹಾಕಿಸಿ ಇಟ್ಟುಕೊಳ್ಳುವವರು ಹುಟ್ಟುತ್ತಿದ್ದರು. ಒಪ್ಪಿಗೆ ಕೊಡುವವರು ಇಬ್ಬರು ಮೂವರಿರಲಿ, ಬೇಗ ನೋಡಲಿ. ಇಲ್ಲದಿದ್ದರೆ ನಿಮ್ಮ ಆಫೀಸಿನಲ್ಲೂ ಕಳ್ಳದಾರಿ ಹುಟ್ಟುತ್ತದೆ ಎಂದೆ. "ಅದನ್ನು ಮ್ಯಾನೇಜರಿಗೆ ಹೇಳ್ತೀನಿ" ಎಂದಳು.

ಪುಟ್ಟ ಒಂದು ಪ್ರಶ್ನೆ ಹಾಕಿದ, ಅದಕ್ಕೆ ಇಬ್ಬರೂ ತಬ್ಬಿಬ್ಬಾದೆವು. "ಮೇಸ್ತ್ರಿ ಕೈಯಲ್ಲಿ ಎಲ್ಲ ಬೀಗದ ಕೈ ಇದೆ. ಹಾಗಾದರೆ ನಕ್ಷೆ ತಿದ್ದೋರೇ ಅಡ್ಮಿನ್ ಅಲ್ವಾ?" ಹೌದಲ್ಲ! ಮೊಮ್ಮಗಳು ಒಪ್ಪಿಕೊಂಡಳು. ಅದಕ್ಕೇ ಅಧಿಕಾರಗಳನ್ನು ಬರೆದಿರುವ ಕಡತವನ್ನು ಬೇರೆ ಇಟ್ಟು, ಅದನ್ನು ತಿದ್ದಿದರೆ ಇಬ್ಬರ ಒಪ್ಪಿಗೆ ಬೇಕು ಎಂದು ಮಾಡುತ್ತಾರಂತೆ. ಮೇಸ್ತ್ರಿಗೂ ಕೆಲವು ಕೋಣೆಗಳಿಗೆ 'ಕೂಡದು' ಎಂದು ಬರೆಯುತ್ತಾರಂತೆ.

"ರಾತ್ರಿ ಎಲ್ಲ ಕೆಟ್ಟು ನಿಂತು, ಮೇಸ್ತ್ರಿಯೂ ಮಲಗಿದರೆ?" ಎಂದು ನಾನು ಕೇಳಿದೆ. ಅದಕ್ಕೆ ತುರ್ತು ಖಾತೆ ಒಂದಿರುತ್ತದೆ. ಬಸ್ಸಿನಲ್ಲಿ ಕಿಟಕಿಯ ಗಾಜು ಒಡೆಯಲು ಸುತ್ತಿಗೆ ನೇತುಹಾಕಿರುತ್ತಾರಲ್ಲ, ಹಾಗೆ. ಬಳಸಿದ ಕೂಡಲೇ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ತಿಜೋರಿಯ ಎರಡನೇ ಜೊತೆ ಬೀಗದ ಕೈಗಳನ್ನು ಅರಗಿನ ಮೊಹರು ಹಾಕಿ ಬೇರೆ ಶಾಖೆಯಲ್ಲಿ ಇಡುತ್ತಿದ್ದರು. ಮೊಹರು ಒಡೆದರೆ ಯಾಕೆ ಒಡೆದೆ ಎಂದು ಬರೆದುಕೊಡಬೇಕಿತ್ತು.

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಮನೆಯ ಕಂಪ್ಯೂಟರಿನಲ್ಲಿ ಎಲ್ಲರೂ ಒಂದೇ ಅಡ್ಮಿನಿಸ್ಟ್ರೇಟರ್ ಖಾತೆ ಬಳಸುತ್ತಿದ್ದರೆ, ಅಪ್ಪ ಅಮ್ಮನಿಗೆ ಹೇಳಿ ದಿನದ ಬಳಕೆಗೆ 'ಸ್ಟ್ಯಾಂಡರ್ಡ್' ಖಾತೆ ಮಾಡಿಸಿ. ಆಟವೊಂದನ್ನು ಇಳಿಸುವಾಗ ಪಾಸ್‌ವರ್ಡ್ ಕೇಳಿದರೆ ಬೇಸರ ಬೇಡ. ಅಲ್ಲಿ ಎರಡನೇ ಬೀಗದ ಕೈ ಕೆಲಸ ಮಾಡುತ್ತಿದೆ. ತಾತಂದಿರೇ, ನಿಮ್ಮ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪರ್ಮಿಷನ್ ತೆಗೆದು ಮೊಮ್ಮಕ್ಕಳ ಜೊತೆ ಕೂತು ನೋಡಿ. ನನ್ನ ಮೊಬೈಲಿನಲ್ಲಿ ಟಾರ್ಚ್ ಆಪ್ ಒಂದು ನನ್ನ ಫೋನ್ ನಂಬರುಗಳ ಪಟ್ಟಿ ಓದುವ ಅನುಮತಿ ಪಡೆದು ಕೂತಿತ್ತು. ದೀಪ ಹಚ್ಚುವವನಿಗೆ ನಂಟರ ವಿಳಾಸ ಯಾಕೆ? ಪುಟ್ಟ ಅವತ್ತೇ ತೆಗೆದುಹಾಕಿದ.

ಬುಧವಾರ ರಾತ್ರಿ ಮೊಮ್ಮಗಳು ಫೋನ್ ಮಾಡಿದಳು. ಗುಂಪಿನ ಅಧಿಕಾರಗಳ ಹೊಸ ಕಡತ ಬರೆಯುವ ಕೆಲಸ ಅವಳಿಗೇ ಬಂದಿತ್ತಂತೆ. ಹನ್ನೊಂದು ಜನರ ನಕ್ಷತ್ರ ತೆಗೆಯಬೇಕಿತ್ತು. "ಮೊದಲನೇ ಹೆಸರು ನಂದೇ ಹಾಕಿದೆ ತಾತ" ಎಂದಳು. ರಾತ್ರಿ ಅಳಿಸುವಾಗ ಎಡವಿದ್ದನಲ್ಲ, ಆ ಹುಡುಗನೇ ಅದನ್ನು ಸಾಲು ಸಾಲಾಗಿ ಓದಿ, ಒಂದು ತಪ್ಪು ಹಿಡಿದು, ತಿದ್ದಿದ ಮೇಲೆ ಒಪ್ಪಿಗೆ ಹಾಕಿದನಂತೆ.

"ಮೇಸ್ತ್ರಿ ಏನಂದ?" ಎಂದು ಪಕ್ಕದಿಂದ ಪುಟ್ಟ ಕೂಗಿದ.

"ಸೇರಿಸುವುದು 11, ಬದಲಿಸುವುದು 0, ಅಳಿಸುವುದು 11."