ಏರುವಾಗಿನ ಶಾಖ, ಇಳಿಯುವಾಗಿನ ಶಾಖ

ಮೋಟಾರ್‌ಹೋಮ್ ಎಂದರೆ ಒಲೆ, ಹಾಸಿಗೆ, ನೀರಿನ ತೊಟ್ಟಿಗಳನ್ನೆಲ್ಲ ಹೊತ್ತು ಸಾಗುವ ಮನೆ. ಅದು ದಾರಿಯಲ್ಲಿ ಕೆಟ್ಟು ನಿಂತರೆ ಗ್ರಹಚಾರವನ್ನು ದೂರುವವರುಂಟು. ಯಂತ್ರದ ಗೊಡವೆ ಮೆಕ್ಯಾನಿಕ್‌ಗೆ ಸೇರಿದ್ದು, ಓದಿದವರಿಗೆ ಅದೇಕೆ ಎನ್ನುವವರೂ ಉಂಟು. ಇದನ್ನು ನಾವು ಒಪ್ಪಲಾರೆವು. ಬೆಟ್ಟದ ದಾರಿಯಲ್ಲಿ ಒದಗುವ ತೊಂದರೆಗಳಲ್ಲಿ ಅನೇಕವು ಶಾಖದ ಲೆಕ್ಕ ತಪ್ಪಿದ್ದರಿಂದ ಆಗತಕ್ಕವು. ಆ ಲೆಕ್ಕ ಹೈಸ್ಕೂಲಿನ ಭೌತಶಾಸ್ತ್ರವನ್ನು ಮೀರಿದ್ದಲ್ಲ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿರುವ ಡೆತ್ ವ್ಯಾಲಿಯನ್ನು ತೆಗೆದುಕೊಳ್ಳೋಣ. ಅಲ್ಲಿ ಸಮುದ್ರಮಟ್ಟದ ಆಸುಪಾಸಿನಲ್ಲಿರುವ ಸ್ಟೋವ್‌ಪೈಪ್ ವೆಲ್ಸ್‌ನಿಂದ ಟೌನ್ ಪಾಸ್ ಎಂಬ ಘಟ್ಟದ ನೆತ್ತಿಗೆ ಸುಮಾರು 1,500 ಮೀಟರ್ ಏರಬೇಕು. 5,000 ಕಿಲೋಗ್ರಾಂ ತೂಕದ ವಾಹನವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಏಳು ಕೋಟಿ ಜೂಲ್‌ಗಳಿಗೂ ಮೀರಿದ ಕಾರ್ಯ ಬೇಕು. ಇದರ ಎರಡರಷ್ಟಕ್ಕೂ ಹೆಚ್ಚಿನ ಶಕ್ತಿ ಎಂಜಿನ್ನಿನಲ್ಲಿ ಶಾಖವಾಗಿ, ಹೊಗೆಯೊಡನೆಯೂ ರೇಡಿಯೇಟರಿನ ಮೂಲಕವೂ ಹೊರಬೀಳಬೇಕು. ಬೇಸಗೆಯಲ್ಲಿ ಅಲ್ಲಿನ ಗಾಳಿಯೇ 45 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ರೇಡಿಯೇಟರು ಸೋಲುವುದು ಸಹಜವೇ. ಇಂಥ ಏರಿನಲ್ಲಿ ಹವಾನಿಯಂತ್ರಕವನ್ನು ನಿಲ್ಲಿಸಬೇಕು. ಅದು ಎಂಜಿನ್ನಿನ ಬಲವನ್ನು ಕಬಳಿಸುವುದಲ್ಲದೆ, ಅದರ ಬಿಸಿಯನ್ನು ಹೊತ್ತ ಗಾಳಿಯೇ ರೇಡಿಯೇಟರಿಗೆ ಬಡಿಯುತ್ತದೆ. ತಾಪಸೂಚಿಯ ಮುಳ್ಳು ಮತ್ತೂ ಏರಿದರೆ ಒಳಗಿನ ಹೀಟರನ್ನು ಹಚ್ಚಬೇಕು! ಪ್ರಯಾಣಿಕರು ಗೊಣಗಬಹುದು, ಆದರೆ ಹೀಟರೆಂಬುದು ಒಂದು ಪುಟ್ಟ ರೇಡಿಯೇಟರೇ ಅಲ್ಲವೆ?

ಅಷ್ಟಕ್ಕೂ ಬಗ್ಗದಿದ್ದರೆ ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ನನ್ನು ಆರಿಸಿ ಕಾಯುವುದೊಂದೇ ದಾರಿ. ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈಹಾಕಬಾರದು. ಒಳಗಿನ ಒತ್ತಡದಿಂದಾಗಿ ಅಲ್ಲಿನ ನೀರು 100 ಡಿಗ್ರಿ ಮೀರಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿದೊಡನೆ ಒತ್ತಡ ಕುಸಿದು ನೀರು ತಟಕ್ಕನೆ ಆವಿಯಾಗಿ ಮುಖಕ್ಕೆ ಎರಚುವುದು. ಕುತೂಹಲಕ್ಕೆ ತೆರಬೇಕಾದ ಬೆಲೆ ಕಣ್ಣೇ ಆಗಬಹುದು.

ನೆತ್ತಿಯನ್ನು ತಲುಪಿದೊಡನೆ ಗಂಡಾಂತರ ಕಳೆಯಿತೆಂದು ಭಾವಿಸುವವರೇ ಹೆಚ್ಚು. ಏರುವಾಗ ಕೂಡಿಟ್ಟ ಏಳು ಕೋಟಿ ಜೂಲ್ ಎಲ್ಲಿ ಹೋಯಿತು? ಇಳಿಯುವಾಗ ಅದೆಲ್ಲವೂ ಮತ್ತೆ ಶಾಖವಾಗಲೇಬೇಕು. ಇನ್ನೂರು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಆ ಶಾಖ ಸಾಕು. ಗಾಳಿಯ ತಡೆ ಅದರಲ್ಲಿ ಸ್ವಲ್ಪವನ್ನು ನುಂಗೀತು. ಉಳಿದುದನ್ನು ಬ್ರೇಕಿನ ತಲೆಗೇ ಕಟ್ಟಿದರೆ ಅದರ ಪಟ್ಟಿಗಳು ಕಾದು ಹಿಡಿತ ತಪ್ಪುವುವು. ಬ್ರೇಕಿನ ದ್ರವ ಕುದಿದರಂತೂ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುವುವು. ದ್ರವದಂತಲ್ಲದೆ ಆವಿ ಒತ್ತಿದರೆ ಕುಗ್ಗುವುದರಿಂದ ಪೆಡಲು ನೆಲಕ್ಕೆ ತಾಗಿದರೂ ಚಕ್ರ ನಿಲ್ಲದು. ಆದುದರಿಂದ ಇಳಿಜಾರು ಮೊದಲಾಗುವುದಕ್ಕೆ ಮುಂಚೆಯೇ ಕೆಳಗಿನ ಗೇರಿಗೆ ಬಂದು, ವಾಹನವನ್ನು ತಡೆಯುವ ಹೊರೆಯನ್ನು ಎಂಜಿನ್ನಿಗೆ ವಹಿಸಬೇಕು. ನಮ್ಮ ಪಶ್ಚಿಮಘಟ್ಟಗಳಲ್ಲಿ ಲಾರಿ ಇಳಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ 205 ಡಿಗ್ರಿಯವರೆಗೂ ಕುದಿಯಕೂಡದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಬಹುಕಾಲ ಕದಲದೆ ನಿಂತಿದ್ದ ಮೋಟಾರ್‌ಹೋಮಿನಲ್ಲಿ ಈ ಹಳೆಯ ದ್ರವವೇ ಉಳಿದಿರಬಹುದು. ಬಾಡಿಗೆಗೆ ಕೊಡುವವರು ಒಲೆಯನ್ನೂ ಹಾಸಿಗೆಯನ್ನೂ ತಾವಾಗಿಯೇ ತೋರಿಸುವರು. ದ್ರವವನ್ನು ಎಂದು ಬದಲಾಯಿಸಿದರೆಂಬುದನ್ನು ನಾವೇ ಕೇಳಬೇಕು.